ಹದಿನಾರು ಕೇಳಿದರೆ ಹದಿನಾಲ್ಕು

ಇಂಗ್ಲೆಂಡಿನ ಕಲ್ಹಮ್ಮಿನಲ್ಲಿದ್ದ ಜೆಟ್ ಎಂಬ, ಪರಮಾಣು ಸಮ್ಮಿಲನದ ಪ್ರಯೋಗಕ್ಕಾಗಿದ್ದ ಟೋಕಮಾಕ್ ಯಂತ್ರವು 2023ರ ಡಿಸೆಂಬರಿನಲ್ಲಿ ನಿಂತುಹೋಯಿತೆಂದೂ, ಇನ್ನದನ್ನು ಬಿಚ್ಚಿ ವಿಲೇವಾರಿ ಮಾಡುವರೆಂದೂ ಓದಿದ ನನ್ನ ತಮ್ಮನ ಮಗಳು, "ದೊಡ್ಡಪ್ಪ, ಅಲ್ಲಿ ನಿಮ್ಮ ಕೆಲಸ ಏನಿತ್ತು?" ಎಂದು ಕೇಳಿದಳು. ಕಾಯಿಸುವುದು ಎಂದೆ, ನಕ್ಕಳು.

ಕಾಂತಕ್ಷೇತ್ರದಲ್ಲಿ ಬಂಧಿತವಾದ ಪ್ಲಾಸ್ಮಾವು ತನ್ನೊಳಗೆ ಹರಿಯುವ ವಿದ್ಯುತ್ತಿನಿಂದಲೇ ಕಾಯುವುದು ದಿಟವಾದರೂ, ಕಾದಷ್ಟೂ ಅದರ ರೋಧವು ಕುಗ್ಗುವುದರಿಂದ ಆ ಉಪಾಯ ಬೇಗನೆ ಸೋಲುತ್ತದೆ. ಹೊರಗಿನಿಂದ ಅಯಾನುಗಳನ್ನು ತೂರೋಣವೆಂದರೆ, ಒಳಗಿನದನ್ನು ಕಾಪಾಡುವ ಕಾಂತಕ್ಷೇತ್ರವೇ ಅವುಗಳನ್ನು ಬಾಗಿಲಲ್ಲಿ ತಿರುಗಿಸಿಬಿಡುತ್ತದೆ. ಆದಕಾರಣ ಡ್ಯೂಟೀರಿಯಂ ಅಯಾನುಗಳನ್ನು ಎಂಬತ್ತು ಸಾವಿರ ವೋಲ್ಟಿನಿಂದ ಅಟ್ಟಿ, ಅನಿಲ ತುಂಬಿದ ನಾಳದಲ್ಲಿ ಹಾಯಿಸಿ, ಅಲ್ಲಿ ಎಲೆಕ್ಟ್ರಾನ್ ದೊರೆತು ತಟಸ್ಥವಾದ ಪರಮಾಣುಗಳನ್ನು ಮಾತ್ರ ಒಳಗೆ ಬಿಡುತ್ತಿದ್ದೆವು. ಇದನ್ನು ಮಾಡುವ ಯಂತ್ರಕ್ಕೆ ನಮ್ಮಲ್ಲಿ ಪಿನಿ ಎನ್ನುತ್ತಿದ್ದರು. ಎರಡು ಪೆಟ್ಟಿಗೆಗಳಲ್ಲಿ ಎಂಟೆಂಟು ಪಿನಿಗಳು.

ಪ್ರತಿ ಪಿನಿಯ ತಾಮ್ರದ ಜಾಲರಿಯಲ್ಲಿ 262 ರಂಧ್ರಗಳು. ಹೊಸ ಜಾಲರಿಗೆ ಒಮ್ಮೆಲೇ ಪೂರ್ಣ ವೋಲ್ಟೇಜು ಕೊಟ್ಟರೆ ಕಿಡಿ ಹಾರುವುದು. ಸ್ವಲ್ಪ ಏರಿಸಿ, ಕಿಡಿ ಹಾರಿಸಿ, ಇಳಿಸಿ, ಮತ್ತೆ ಏರಿಸಿ ಅದನ್ನು ಪಳಗಿಸಬೇಕು. ಈ ವಿದ್ಯೆಯಲ್ಲಿ ನನಗೆ ಗುರುವಾದವರು ವೇಲ್ಸಿನ ಒಬ್ಬ ತಂತ್ರಜ್ಞರು. ಕಾದ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಮತ್ತು ಜಾಲರಿ ಒರೆಸಿದ ಸ್ಪಿರಿಟ್ಟಿನ ವಾಸನೆಯನ್ನು ಕೋಟಿಗೆ ಅಂಟಿಸಿಕೊಂಡೇ ನಿಯಂತ್ರಣ ಕೊಠಡಿಗೆ ಬರುತ್ತಿದ್ದ ಅವರು, ಆಸಿಲೋಸ್ಕೋಪಿನ ಗೆರೆಯ ಅಂಚು ಎಷ್ಟು ನಡುಗಿತೆಂಬುದನ್ನು ನೋಡಿಯೇ ಯಾವ ಪಿನಿ ಇಂದು ಮುನಿಯುವುದೆಂದು ಹೇಳಬಲ್ಲವರಾಗಿದ್ದರು. ಹದಿನಾರೂ ಬೇಕೆಂದು ಪ್ರಯೋಗದ ಮುಖ್ಯಸ್ಥರು ಹಟ ಹಿಡಿದರೆ, "ಹದಿನಾಲ್ಕು ಕೊಡುವೆ, ನಡುವೆ ಕೈಕೊಡುವುದಿಲ್ಲ, ಹದಿನಾರೇ ಆಗಬೇಕಾದರೆ ಮಧ್ಯಾಹ್ನದವರೆಗೆ ನನಗೆ ಬಿಡಿ" ಎನ್ನುವರು. ಚೌಕಾಸಿ ನಡೆದು ಹದಿನೈದಕ್ಕೆ ಕುದುರುತ್ತಿತ್ತು. 1991ರ ನವೆಂಬರಿನಲ್ಲಿ ಎರಡು ಪಿನಿಗಳಿಗೆ ಟ್ರಿಟಿಯಂ ಉಣಿಸಿ, ಒಂದು ಮೆಗಾವಾಟಿಗೂ ಮೀರಿದ ಸಮ್ಮಿಲನ ಶಕ್ತಿಯನ್ನು ಮೊದಲ ಬಾರಿಗೆ ಕಂಡ ದಿನವೂ ಅವರು ಗೆರೆಯನ್ನೇ ದಿಟ್ಟಿಸುತ್ತಿದ್ದರಲ್ಲದೆ ಚಪ್ಪಾಳೆಯ ಕಡೆಗೆ ತಿರುಗಲಿಲ್ಲ.

ಆ ಕಾಲವನ್ನು ಸುವರ್ಣಯುಗವೆನ್ನಲಾರೆ. ತಟಸ್ಥವಾಗದೆ ಉಳಿದ ಅಯಾನುಗಳೇನೂ ಅಲ್ಪವಲ್ಲ. ಅವನ್ನೆಲ್ಲ ಅಯಸ್ಕಾಂತದಿಂದ ಬಾಗಿಸಿ ತಾಮ್ರದ ಹಲಗೆಗೆ ಬಡಿಸುತ್ತಿದ್ದೆವು, ಆ ಕಾವು ನೀರಿನ ಪಾಲು. 2023ರ 69 ಮೆಗಾಜೂಲಿನ ದಾಖಲೆಯನ್ನು ಪತ್ರಿಕೆಗಳು ಹಾಡಿ ಹೊಗಳಿದವು; ಪ್ಲಾಸ್ಮಾಕ್ಕೆ ನಾವು ಸುರಿದ ಕಾವು ಅದಕ್ಕಿಂತ ಹೆಚ್ಚೆಂಬುದು ತಲೆಬರಹದಲ್ಲಿ ಕಾಣಲಿಲ್ಲ.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಎಂಬ ಟೋಕಮಾಕಿಗೆ ಹತ್ತು ಲಕ್ಷ ವೋಲ್ಟಿನ ಕಿರಣ ಬೇಕು. ಅಷ್ಟು ವೇಗದಲ್ಲಿ ಧನ ಅಯಾನು ಎಲೆಕ್ಟ್ರಾನನ್ನು ಹಿಡಿಯುವುದೇ ಅಪರೂಪವಾದ್ದರಿಂದ ಋಣ ಅಯಾನುಗಳನ್ನೇ ಆಶ್ರಯಿಸಿ, ಇಟಲಿಯ ಪಾಡುವಾದಲ್ಲಿ ಅದರ ಪರೀಕ್ಷೆಗೆ ತೊಡಗಿದ್ದಾರೆ. ಅಲ್ಲಿ ನನ್ನ ಗುರುಗಳ ಕಣ್ಣು ಸಾಲದು, ಗಣಕವೇ ಸರಿ, ಒಪ್ಪುತ್ತೇನೆ. ಆದರೆ ನಾಳೆಯೇ ಸಮ್ಮಿಲನದ ವಿದ್ಯುತ್ತು ಮಾರುವೆವೆಂಬ ಖಾಸಗಿ ಕಂಪನಿಗಳ ಪ್ರಕಟಣೆಗಳನ್ನು ಓದುವಾಗಲೆಲ್ಲ, ಹದಿನಾರು ಕೇಳಿದವರ ಮುಖಕ್ಕೆ ಹದಿನಾಲ್ಕೆಂದು ಹೇಳುವ ಒಬ್ಬರನ್ನಾದರೂ ಇವರು ಸಂಬಳಕ್ಕೆ ಇಟ್ಟುಕೊಂಡಿದ್ದಾರೆಯೇ ಎಂದು ನನಗೆ ಸಂಶಯವಾಗುತ್ತದೆ.