ಹಳೇದು ಅಂದರೆ ಎಷ್ಟು ಹಳೇದು?

ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಹೋದ ವರ್ಷದ ಪಿಯುಸಿ ಗೈಡೂ ಹಳೇದೇ, ಅದರ ಪಕ್ಕದಲ್ಲಿ ರಟ್ಟು ಕಿತ್ತುಬಂದ ನಿಘಂಟೂ ಹಳೇದೇ. ಸೆಕೆಂಡ್ ಹ್ಯಾಂಡಿಗೆ ವಯಸ್ಸಿನ ಹಂಗಿಲ್ಲ. ನಿನ್ನೆ ಕೊಂಡ ಮಿಕ್ಸಿಯನ್ನು ಇವತ್ತು ಪಕ್ಕದ ಮನೆಯವರಿಗೆ ಮಾರಿದರೂ ಅದು ಸೆಕೆಂಡ್ ಹ್ಯಾಂಡೇ.

ವಿಂಟೇಜ್ ಹಾಗಲ್ಲ, ಅದರಲ್ಲಿ ಅದು ಹುಟ್ಟಿದ ಕಾಲ ಕಾಣಬೇಕು. ಎಚ್‌ಎಂಟಿ ಜನತಾ ವಾಚನ್ನೇ ತಗೊಳ್ಳಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯದು. ದಿನಾ ಕೀ ಕೊಡಬೇಕು, ಕಿವಿಗಿಟ್ಟರೆ ಟಿಕ್‌ಟಿಕ್ ಕೇಳಬೇಕು. ಪರೀಕ್ಷೆ ಪಾಸಾದ ಮಗನಿಗೆ, ಹಸೆಮಣೆ ಏರಿದ ಅಳಿಯನಿಗೆ ಅದೇ ಉಡುಗೊರೆ. ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಈಗ ಹುಡುಕಿಕೊಂಡು ಬರುವವರು ಬಹಳ, ಅದಕ್ಕೇ ಹಳೇ ಡಯಲ್ ಕೆರೆದು ಕೆಂಪು, ನೀಲಿ ಬಳಿದು ವಿಂಟೇಜ್ ಎಂದು ಮಾರುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ಅಕ್ಷರಗಳ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ವಾರೆಯಾಗಿರುತ್ತವೆ. ಅದಕ್ಕಿಂತ ಹಳದಿಗಟ್ಟಿದ ಅಸಲಿ ಡಯಲ್ಲೇ ನನಗೆ ಚೆಂದ. ಇಷ್ಟು ವರ್ಷಕ್ಕೇ ವಿಂಟೇಜ್ ಅನ್ನುವ ಕಟ್ಟು ವಾಚಿಗಿಲ್ಲ, ವಾಹನಕ್ಕಿದೆ. 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಇರುವ ಸ್ವಂತ ಬಳಕೆಯ ಕಾರು, ಬೈಕುಗಳು ವಿಂಟೇಜ್. ಅವುಗಳ ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳಿರುತ್ತವೆ.

ಆಂಟಿಕ್ ಅಂದರೆ ಮಾತ್ರ ಮಾತು ಗಂಭೀರ. 1972ರ ಕಾಯ್ದೆಯ ಪ್ರಕಾರ ವಿಗ್ರಹ, ನಾಣ್ಯ, ಚಿತ್ರ, ಕುಸುರಿ ಕೆಲಸದ ವಸ್ತುಗಳಿಗೆ ನೂರು ವರ್ಷ ತುಂಬಿದರೆ ಅವು ಪ್ರಾಚ್ಯವಸ್ತು. ಆಮೇಲೆ ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮಹತ್ವದ ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ಇದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ. ಕಂಚಿನ ವಿಗ್ರಹ ಸುಲಭಕ್ಕೆ ಸಾಯುವುದಿಲ್ಲ; ತಾಳೆಗರಿಯನ್ನು ಗೆದ್ದಲು ತಿಂದರೆ ಮುಗಿಯಿತು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಪ್ರತಿಯೊಂದನ್ನು ಕೊಟ್ಟರು. ಶತಮಾನಗಳಿಂದ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅದರಲ್ಲೇ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಆ ಕಟ್ಟು ಯಾರದೋ ನೀರೊಲೆಗೆ ಬಿದ್ದಿದ್ದರೆ?

ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಅಂಥ ಕಟ್ಟುಗಳಿವೆ. ಹಿತ್ತಾಳೆ ಹಂಡೆ ತೂಕಕ್ಕೆ ಹೋದರೆ ಹೋಗಲಿ. ಓದಲು ಬಾರದ ಗರಿಯನ್ನು, ಕೈಬರಹದ ಕಡತವನ್ನು ಮಾತ್ರ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೋ, ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಒಮ್ಮೆ ತೋರಿಸಿ.