ಮುಂದಿನ ಎರಡು ಗಾಲಿ

ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯಲ್ಲೋ ಚಂದ್ರಗುತ್ತಿಯ ಜಾತ್ರೆಯಲ್ಲೋ ಮಕ್ಕಳಿಗೆ ಕೊಡಿಸುವ ರಿಮೋಟ್ ಕಾರಿಗೆ ಆಯುಸ್ಸು ಕಡಿಮೆ. ಒಳಗಿನ ಹಲ್ಲುಚಕ್ರದ ಒಂದು ಹಲ್ಲು ಮುರಿದರೆ ಮುಗಿಯಿತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ, ಬಿಚ್ಚಿದ್ದು ಮತ್ತೆ ಕೂಡುವುದಿಲ್ಲ. ಅದರ ಸ್ಟೇರಿಂಗಿಗೆ ಗೊತ್ತಿರುವುದೂ ಮೂರೇ: ಪೂರ್ತಿ ಎಡ, ಪೂರ್ತಿ ಬಲ, ನೇರ. ನಾನು ಹೇಳಹೊರಟಿರುವ ಕಾರು ಬೇರೆ ಜಾತಿಯದು. ಅದು ಪೆಟ್ಟಿಗೆಯೊಳಗೆ ಕಾರಾಗಿ ಬರುವುದೇ ಇಲ್ಲ. ಎರಡು ಹೋಳಾಗಿರುವ ಚಾಸಿ, ಹಲ್ಲುಚಕ್ರಗಳು, ಪೊಟ್ಟಣಗಟ್ಟಿದ ಸ್ಕ್ರೂಗಳು, ಟೈರು, ಒಂದು ಮೋಟರ್, ಬಣ್ಣ ಕಾಣದ ಪಾರದರ್ಶಕ ಬಾಡಿ, ಹೆಜ್ಜೆ ಹೆಜ್ಜೆಗೂ ಚಿತ್ರವಿರುವ ಪುಸ್ತಕ. ಕಾರು ಮಾಡಿಕೊಳ್ಳುವುದು ಕೊಂಡವರ ಕೆಲಸ. ಮಾಡಿದವರಿಗೆ ಬಿಚ್ಚುವುದೂ ಗೊತ್ತಿರುತ್ತದೆ, ಮುರಿದದ್ದು ಯಾವ ಭಾಗ ಎಂಬುದೂ ಗೊತ್ತಿರುತ್ತದೆ.

ಅಕ್ಕನ ಮಗನಿಗೆ ಇಂಥದೊಂದು ಕಿಟ್ ಬೇಕಾಗಿತ್ತು. ಅವರ ಮನೆ ಶಿಕಾರಿಪುರದಲ್ಲಿ, ನಾನಿರುವುದು ಸೊರಬದಲ್ಲಿ. ಶಿರಾಳಕೊಪ್ಪದ ಮೇಲೆ ಬರುವ ಬಸ್ಸು ಹತ್ತಿ ರಜೆಗೆ ಬಂದಾಗೆಲ್ಲ ಫೋನಿನಲ್ಲಿ ಹೊಸ ಹೊಸ ಕಾರುಗಳ ಚಿತ್ರ ತೋರಿಸುತ್ತಿದ್ದ. ನಾಲ್ಕೂ ಗಾಲಿ ಎಳೆಯುವವು, ಹಿಂದಿನ ಗಾಲಿಯಿಂದ ದೂಳೆಬ್ಬಿಸುತ್ತ ಅಡ್ಡಡ್ಡ ಜಾರುವವು. ನಾನು ತೋರಿಸಿದ್ದು ಗಿಡ್ಡನೆಯದೊಂದು ಕಾರನ್ನು, ಮುಂದಿನ ಎರಡೇ ಗಾಲಿ ಎಳೆಯುವಂಥದ್ದನ್ನು. "ಮಾವ, ಇದು ತೀರಾ ಸಣ್ಣದಾಯ್ತಲ್ಲ" ಅಂದ. ಸಣ್ಣದು ಎಂದೇ ಅದನ್ನು ಆರಿಸಿದ್ದೆ.

ಈ ಗಿಡ್ಡ ಕಾರುಗಳ ವಂಶ ದೊಡ್ಡದು. 1959ರಲ್ಲಿ ಇಂಗ್ಲೆಂಡಿನ ಬಿಎಂಸಿ ಕಂಪನಿಗಾಗಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೇ ಇಟ್ಟು, ಮುಂದಿನ ಗಾಲಿಗಳಿಗೆ ಶಕ್ತಿ ಕೊಟ್ಟರು. ಉದ್ದ ಮೂರು ಮೀಟರಿಗೆ ಸ್ವಲ್ಪ ಹೆಚ್ಚು, ಗಾಲಿ 10 ಇಂಚಿನವು. ಅದೇ ಕಾರು 1964, 1965 ಮತ್ತು 1967ರಲ್ಲಿ ಮಾಂಟೆಕಾರ್ಲೊ ರ‍್ಯಾಲಿ ಗೆದ್ದಿತು. ನಮ್ಮಲ್ಲಿ ಈ ವಿನ್ಯಾಸ ಮನೆಮಾತಾದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ. ಅದಕ್ಕೆ ಮೊದಲು ನಮ್ಮ ಕಡೆ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯೆಟ್. ಎರಡರಲ್ಲೂ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಶಾಫ್ಟು ಕಾರಿನ ನಡುವೆ ಹಾದುಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ನಡುವೆ ಕೂತವರು ಆ ಉಬ್ಬಿನ ಆಚೆಗೊಂದು ಈಚೆಗೊಂದು ಕಾಲಿಟ್ಟುಕೊಂಡು ಶಿವಮೊಗ್ಗ ತಲುಪಬೇಕಿತ್ತು. 796 ಸಿಸಿಯ ಪುಟ್ಟ ಎಂಜಿನ್ನಿನ ಮಾರುತಿಯಲ್ಲಿ ಎಳೆಯುವ ಕೆಲಸವೆಲ್ಲ ಬಾನೆಟ್ಟಿನ ಕೆಳಗೇ ಮುಗಿಯಿತು.

ಇದೇ ವಂಶವನ್ನು ರಿಮೋಟ್ ಕಾರಿನ ಕಿಟ್ಟಿಗೆ ಇಳಿಸಿದ ಜಪಾನಿನ ಶಿಜುಒಕಾ ನಗರದ ತಮಿಯಾ ಕಂಪನಿ 1994ರಲ್ಲಿ ಮಿನಿ ಕೂಪರಿನ ಬಾಡಿ ಹೊದಿಸಿ ಎಂ-01 ಎಂಬ ಚಾಸಿ ತಂದಿತು. ಮುಂದೆ ಎಂ-03, 2009ರಲ್ಲಿ ಎಂ-05 ಬಂದವು. ಸುಜುಕಿ ಸ್ವಿಫ್ಟಿನ ಬಾಡಿಯೂ ಈ ಸಾಲಿನಲ್ಲಿ ಬಂದಿದೆ. ಎಲ್ಲವೂ ನಿಜವಾದ ಕಾರಿನ ಹತ್ತನೇ ಒಂದು ಅಳತೆಯವು. ನಾನು ಆರಿಸಿದ ಎಂ-05ರಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರವನ್ನು 210, 225, 239 ಮಿಲಿಮೀಟರ್ ಎಂದು ಮೂರು ಬಗೆಯಲ್ಲಿ ಇಟ್ಟುಕೊಳ್ಳಬಹುದು. 1986ರ ನಂತರದ ಮಾರುತಿ 800ರ ಅಂತರ 2175 ಮಿಲಿಮೀಟರ್. ಹತ್ತರಿಂದ ಭಾಗಿಸಿದರೆ ಸರಿಯಾಗಿ ಮೊದಲೆರಡು ಅಳತೆಗಳ ನಡುವೆ ಬಂದು ಕೂರುತ್ತದೆ. ಈ ಲೆಕ್ಕ ತೋರಿಸಿದ ಮೇಲೆ ಹುಡುಗನಿಗೆ ಆ ಕಾರು ಸಣ್ಣದಾಗಿ ಕಾಣಲಿಲ್ಲ. ಅವರ ಮನೆಯಲ್ಲಿ ಮೊದಲು ಬಂದ ಕಾರು ಮಾರುತಿ.

ಅಂತರ ಕಡಿಮೆಯಾದಷ್ಟೂ ಕಾರು ಚುರುಕಾಗಿ ತಿರುಗುತ್ತದೆ, ಅಷ್ಟೇ ಬೇಗ ದಿಕ್ಕೂ ತಪ್ಪುತ್ತದೆ. ಹೊಸಬರಿಗೆ 225 ಅಥವಾ 239 ಒಳ್ಳೆಯದು. ಬಾಡಿ ಕೊಳ್ಳುವಾಗ ಈ ಅಂತರವನ್ನು ನೋಡಿಯೇ ಕೊಳ್ಳಬೇಕು, ಇಲ್ಲದಿದ್ದರೆ ಗಾಲಿ ಒಂದು ಕಡೆ, ಗಾಲಿಯ ಕಮಾನು ಇನ್ನೊಂದು ಕಡೆ ಆಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬಿಡಿಭಾಗ. ಸೊರಬದಲ್ಲಾಗಲಿ ಶಿಕಾರಿಪುರದಲ್ಲಾಗಲಿ ಅಂಗಡಿಗೆ ಹೋಗಿ ಎಂ-05ರ ಮುಂಗಾಲಿಯ ತೋಳು ಕೇಳುವಂತಿಲ್ಲ. ಎಲ್ಲವೂ ಕೊರಿಯರಿನಲ್ಲಿ ಬರಬೇಕು. ಹಾಗಾಗಿ ನಿನ್ನೆ ಬಂದ ಹೊಸ ಮಾದರಿಗಿಂತ, ವರ್ಷಗಟ್ಟಲೆ ಮಾರಾಟವಾಗಿ ಬಿಡಿಭಾಗ ಎಲ್ಲ ಕಡೆ ತುಂಬಿರುವ ಹಳೆಯ ಮಾದರಿಯೇ ನಮಗೆ ಲೇಸು. ರೇಡಿಯೊ, ಸ್ಟೇರಿಂಗ್ ತಿರುಗಿಸುವ ಪುಟ್ಟ ಮೋಟರಾದ ಸರ್ವೊ, ಬ್ಯಾಟರಿ, ಚಾರ್ಜರ್ ಸಾಮಾನ್ಯವಾಗಿ ಕಿಟ್ಟಿನ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಆ ಖರ್ಚನ್ನೂ ಮೊದಲೇ ಕೂಡಿಸಿ ನೋಡಬೇಕು.

ಎಲ್ಲಿ ಓಡಿಸುತ್ತೀರಿ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಈ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ, ಟೈರು ಪುಟ್ಟದು. ನಮ್ಮ ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ ಒಂದು ಬೆಣಚುಕಲ್ಲು ಸಿಕ್ಕರೂ ಅದು ನಿಲ್ಲುತ್ತದೆ. ಮನೆಯ ಸುತ್ತ ಮಣ್ಣಿನ ರಸ್ತೆ ಮಾತ್ರ ಇದ್ದರೆ ಈ ಕಿಟ್ ಬೇಡ, ದೊಡ್ಡ ಗಾಲಿಯ ಬಗ್ಗಿ ಕೊಳ್ಳಿ. ಆದರೆ ಸೊರಬದ ಕಡೆ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳಗಳಿವೆ, ಶಿಕಾರಿಪುರದ ಕಡೆ ಮೆಕ್ಕೆಜೋಳ ಹರಡುವ ಸಿಮೆಂಟಿನ ಕಣಗಳಿವೆ. ಸಮತಟ್ಟು, ಒರಟು, ಬಿಸಿಲಿಗೆ ಕಾದ ನೆಲ. ಪುಟ್ಟ ರಬ್ಬರ್ ಟೈರಿಗೆ ಇದಕ್ಕಿಂತ ಒಳ್ಳೆಯ ನೆಲ ನಾನು ಕಂಡಿಲ್ಲ. ಗುಡಿಸಿಕೊಂಡರೆ ಸಾಕು.

ಜೋಡಿಸುವ ಕೆಲಸವನ್ನು ಅವಸರಿಸಬಾರದು. ತಮಿಯಾದ ಸ್ಕ್ರೂಗಳ ತಲೆ ಜಪಾನಿ ಅಳತೆಯದು. ಪೇಟೆಯ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಜಾರಿ ತಲೆ ಸವೆಯುತ್ತದೆ. ಜೆಐಎಸ್ ಎಂದು ಬರೆದಿರುವ ಸ್ಕ್ರೂಡ್ರೈವರ್ ಒಂದನ್ನು ಕಿಟ್ಟಿನ ಜೊತೆಗೇ ತರಿಸಿಕೊಳ್ಳಿ. ಬಿಚ್ಚಿದ ಸ್ಕ್ರೂವನ್ನು ಪ್ಲಾಸ್ಟಿಕ್ಕಿಗೆ ಮತ್ತೆ ಕೂರಿಸುವಾಗ ಮೊದಲು ಹಿಂದಕ್ಕೆ ತಿರುಗಿಸಬೇಕು. ಹಳೆಯ ಗೆರೆಗೆ 'ಟಕ್' ಎಂದು ಕೂತದ್ದು ಬೆರಳಿಗೆ ತಿಳಿಯುತ್ತದೆ; ಆಮೇಲೆ ಮುಂದಕ್ಕೆ. ಬಿಗಿಯಾಯಿತು ಎಂದು ಅನ್ನಿಸಿದಲ್ಲಿ ಕೈ ಬಿಡಬೇಕು. ಪಾರದರ್ಶಕ ಬಾಡಿಗೆ ಬಣ್ಣ ಬಳಿಯುವುದು ಒಳಗಿನಿಂದ: ಕಡು ಬಣ್ಣ ಮೊದಲು, ತಿಳಿ ಬಣ್ಣ ಕೊನೆಗೆ. ಹೊರಮೈ ನೆಲಕ್ಕೆ ಉಜ್ಜಿದರೂ ಬಣ್ಣಕ್ಕೆ ಏಟಾಗುವುದಿಲ್ಲ. ಗಂಧದ ಕೆತ್ತನೆಯ ಗುಡಿಗಾರರಿಂದ ಹೆಸರಾದ ಊರು ಸೊರಬ. ಅಂಚನ್ನು ಕತ್ತರಿಸಿ, ಉಪ್ಪುಕಾಗದದಲ್ಲಿ ನಯವಾಗುವವರೆಗೆ ಉಜ್ಜುವ ತಾಳ್ಮೆಯನ್ನು ಈ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಅಕ್ಕನ ಮಗ ಒಂದು ಸಂಜೆಯೆಲ್ಲ ಗಾಲಿಯ ಕಮಾನುಗಳನ್ನೇ ಉಜ್ಜಿದ. ಫೋನು ಮುಟ್ಟಲಿಲ್ಲ.

ಕಾರು ಓಡಿತು. ಓಡಿದ ಮರುಕ್ಷಣವೇ ಕೇಳಿದ: "ಮಾವ, ದೊಡ್ಡ ಮೋಟರ್ ಹಾಕಿದ್ರೆ ಇನ್ನೂ ಜೋರು ಹೋಗ್ತದಲ್ವ?"

"ಹೋಗ್ತದಪ್ಪ. ತಿರುವಿನಲ್ಲಿ ಏನು ಮಾಡ್ತೀಯ?"

ನಾನು ಈ ಪ್ರಬಂಧ ಬರೆಯುತ್ತಿರುವುದೇ ಈ ಪ್ರಶ್ನೆಗಾಗಿ. ಮುಂಗಾಲಿ ಎಳೆಯುವ ಕಾರಿನಲ್ಲಿ ಎಳೆಯುವುದೂ ತಿರುಗಿಸುವುದೂ ಅವೇ ಎರಡು ಟೈರು. ಬ್ರೇಕು ಹಾಕಿದರೆ ಮೋಟರು ಹಿಡಿದು ನಿಲ್ಲಿಸುವುದೂ ಅವನ್ನೇ. ಹಿಂದಿನವು ಜೊತೆಗೆ ಉರುಳಿ ಬರುತ್ತವೆ, ಅಷ್ಟೆ. ನೆಲವನ್ನು ಹಿಡಿಯುವ ಶಕ್ತಿ ಒಂದು ಟೈರಿಗೆ ಇಷ್ಟೇ ಎಂದು ಇರುತ್ತದೆ. ಅದನ್ನೆಲ್ಲ ಎಳೆಯುವುದಕ್ಕೇ ಖರ್ಚು ಮಾಡಿದರೆ ತಿರುಗಿಸುವುದಕ್ಕೆ ಏನೂ ಉಳಿಯುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದರೂ ಕಾರು ನೆಟ್ಟಗೆ ಹೋಗಿ ಕಣದ ಕಟ್ಟೆಗೆ ಬಡಿಯುತ್ತದೆ. ಮೋಟರ್ ದೊಡ್ಡದಾದಷ್ಟೂ ಇದು ಹೆಚ್ಚು. ಆದ್ದರಿಂದ ಈ ಕಾರಿಗೆ ಮಾಡುವ ಸುಧಾರಣೆ ಎರಡೇ ಬಗೆಯದಾಗಿರಬೇಕು: ಇರುವ ಶಕ್ತಿ ದಾರಿಯಲ್ಲಿ ಸೋರದಂತೆ ನೋಡುವುದು, ಮುಂದಿನ ಟೈರುಗಳ ಹಿಡಿತ ಕಾಯುವುದು.

ಮೊದಲನೆಯದಕ್ಕೆ ಬೇರಿಂಗ್. ಎಂ-05ರ ಸಾಮಾನ್ಯ ಕಿಟ್ಟಿನಲ್ಲಿ ಗಾಲಿ ಮತ್ತು ಹಲ್ಲುಚಕ್ರ ತಿರುಗುವ ಜಾಗಗಳಿಗೆ ಪ್ಲಾಸ್ಟಿಕ್ ಬುಶ್ ಕೊಡುತ್ತಾರೆ. ಅವು ಉಜ್ಜುತ್ತವೆ, ದೂಳು ಸೇರಿದರೆ ಸವೆಯುತ್ತವೆ, ಸವೆದರೆ ಗಾಲಿ ಅಲ್ಲಾಡುತ್ತದೆ. ಆ ಜಾಗಕ್ಕೆ ಬಾಲ್ ಬೇರಿಂಗ್ ಹಾಕಿದರೆ ಅದೇ ಮೋಟರ್, ಅದೇ ಬ್ಯಾಟರಿಯಲ್ಲಿ ಕಾರು ಹಗುರಾಗಿ, ಹೆಚ್ಚು ಹೊತ್ತು ಓಡುತ್ತದೆ, ಮೋಟರ್ ಕಡಿಮೆ ಕಾಯುತ್ತದೆ. ತಮಿಯಾ ಇದನ್ನು 1150 ಎನ್ನುತ್ತದೆ: ಹೊರ ವ್ಯಾಸ 11, ಒಳ ವ್ಯಾಸ 5, ದಪ್ಪ 4 ಮಿಲಿಮೀಟರ್. ಬೇರಿಂಗ್ ಅಂಗಡಿಯಲ್ಲಿ ಎಂಆರ್ 115 ಎಂದು ಕೇಳಬೇಕು.

ಆಮೇಲೆ ಟೈರು. ಮುಂದಕ್ಕೆ ಮೆತ್ತನೆಯ, ಹೆಚ್ಚು ಹಿಡಿಯುವ ಟೈರು, ಹಿಂದಕ್ಕೆ ಸ್ವಲ್ಪ ಗಟ್ಟಿಯದು ಹಾಕಿದರೆ ಕಾರು ಕೇಳಿದ ಕಡೆ ತಿರುಗುತ್ತದೆ. ಹಿಂದಿನದು ತೀರಾ ಗಟ್ಟಿಯಾದರೆ ಹಿಂಭಾಗವೇ ಮುಂದೆ ಬರುತ್ತದೆ. ನೋಡಿ ನೋಡಿ ಹದ ಕಂಡುಕೊಳ್ಳಬೇಕು. ಸಿಮೆಂಟಿನ ಮೇಲೆ ಮುಂದಿನ ಜೋಡಿ ಬಹು ಬೇಗ ಸವೆಯುವುದರಿಂದ ಒಂದು ಜೋಡಿ ಹೆಚ್ಚಿಗೆ ಇರಲಿ. ಕಿಟ್ಟಿನ ಶಾಕಪ್ಸರಿನಲ್ಲಿ ಎಣ್ಣೆ ಇರುವುದಿಲ್ಲ, ಸ್ಪ್ರಿಂಗು ಪುಟಿಯುತ್ತಲೇ ಇರುತ್ತದೆ. ಎಣ್ಣೆ ತುಂಬುವ ಶಾಕಪ್ಸರ್ ಹಾಕಿದರೆ ಟೈರು ನೆಲ ಬಿಡುವುದಿಲ್ಲ. ಎರಡು ಮುಂಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನೊಳಗೆ ದಪ್ಪ ಗ್ರೀಸ್ ತುಂಬಿದರೆ ತಿರುವಿನಲ್ಲಿ ಹಗುರಾದ ಒಳಗಾಲಿ ಸುಮ್ಮನೆ ಗಿರಗಿರ ತಿರುಗುವುದು ತಪ್ಪುತ್ತದೆ. ಡಿಕ್ಕಿಯ ಏಟಿನಿಂದ ಸರ್ವೊವನ್ನು ಕಾಯುವ ಸರ್ವೊ ಸೇವರ್ ಸಡಿಲವಿದ್ದರೆ ಬಿಗಿಯದನ್ನು ಹಾಕಬೇಕು, ನೇರ ಹೋಗು ಎಂದಾಗ ಕಾರು ನೇರ ಹೋಗಬೇಕಲ್ಲ.

ನೀಲಿ ಬಣ್ಣದ ಹೊಳೆಯುವ ಅಲ್ಯೂಮಿನಿಯಂ ಭಾಗಗಳ ಬಗ್ಗೆ ಒಂದು ಮಾತು. ನೋಡಲು ಅವು ಬಹಳ ಚೆಂದ. ಆದರೆ ಡಿಕ್ಕಿಯಾದಾಗ ಪ್ಲಾಸ್ಟಿಕ್ ತೋಳು ಬಳುಕಿ ಏಟು ನುಂಗುತ್ತದೆ, ಅಲ್ಯೂಮಿನಿಯಂ ಬಗ್ಗಿ ಹಾಗೇ ಉಳಿಯುತ್ತದೆ, ಇಲ್ಲವೇ ಏಟನ್ನು ಚಾಸಿಗೆ ದಾಟಿಸುತ್ತದೆ. ಚೆಂದ ಬೇರೆ, ಓಟ ಬೇರೆ ಎಂಬುದಕ್ಕೆ ಹೋರಿ ಹಬ್ಬವನ್ನೇ ನೋಡಿ. ದೀಪಾವಳಿ ಕಳೆದ ಮೇಲೆ ನಮ್ಮ ಎರಡೂ ತಾಲೂಕುಗಳಲ್ಲಿ ಅದು ನಡೆಯುತ್ತದೆ. ಕೊಬ್ಬರಿ ಮಾಲೆ, ಬಲೂನು, ಜೂಲು ಎಲ್ಲವೂ ಹೋರಿಯ ಮೈಮೇಲೆ ಇರುತ್ತವೆ. ಆದರೆ ಹೋರಿಗೆ ಹೆಸರು ಬರುವುದು ಅಖಾಡದಲ್ಲಿ ಓಡಿದ ಓಟದಿಂದ, ಅದರ ಹಿಂದೆ ವರ್ಷವಿಡೀ ಹಾಕಿದ ಮೇವಿನಿಂದ. ಈ ಮಾತು ಹುಡುಗನಿಗೆ ಕೂಡಲೇ ನಾಟಿತು. ಅವನ ದೊಡ್ಡಪ್ಪ ಹೋರಿ ಕಟ್ಟಿದವರು.

ಓಡಿಸುವ ಕ್ರಮವೂ ಒಂದು ಸುಧಾರಣೆಯೇ, ದುಡ್ಡು ಕೇಳದ್ದು. ತಿರುವಿಗೆ ಮೊದಲು, ಕಾರು ನೇರ ಇರುವಾಗಲೇ ವೇಗ ಇಳಿಸಬೇಕು. ತಿರುವಿನ ನಡುವೆ ಬೆರಳನ್ನು ಒಮ್ಮೆಲೇ ಎತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಸುತ್ತುತ್ತದೆ. ಮೆಲ್ಲಗೆ ಒತ್ತಿ ಹಿಡಿದರೆ ಮುಂಗಾಲಿಗಳೇ ಕಾರನ್ನು ತಿರುವಿನಿಂದ ಆಚೆಗೆ ಎಳೆದು ತರುತ್ತವೆ. ಕಣದಲ್ಲಿ ನಾಲ್ಕು ಹಳೆಯ ಅಡಿಕೆ ಬುಟ್ಟಿ ಇಟ್ಟು ಸುತ್ತು ಹಾಕಿಸಿದೆ. ಬುಟ್ಟಿಗೆ ಬಡಿಯದೆ ಸುತ್ತು ಬರುವುದು ಸಾಧ್ಯವಾದ ಮೇಲೆ ಅವನು ಮೋಟರಿನ ಮಾತೆತ್ತಲಿಲ್ಲ. ಕಿಟ್ಟಿನ ಜೊತೆ ಬಂದ 540 ಮೋಟರೇ ಇನ್ನೂ ಅದರಲ್ಲಿದೆ.

ಬ್ಯಾಟರಿಯಲ್ಲಿ ಮಾತ್ರ ದೊಡ್ಡವರು ಪಕ್ಕದಲ್ಲೇ ಇರಬೇಕು. 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಮಕ್ಕಳ ಕೈಗೆ ಸರಿ. 7.4 ವೋಲ್ಟಿನ ಲಿಥಿಯಂ ಪಾಲಿಮರ್ ಹಗುರ, ಜೋರು ನಿಜ. ಆದರೆ ಒಂದು ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, ಉಬ್ಬಿದ್ದನ್ನು ಚಾರ್ಜ್ ಮಾಡಿದರೆ ಬೆಂಕಿ ಹತ್ತಬಹುದು. ಯಾರೂ ನೋಡದಾಗ, ರಾತ್ರಿ ಮಲಗುವಾಗ ಅದನ್ನು ಚಾರ್ಜಿಗೆ ಹಾಕಲೇಬಾರದು. ಇನ್ನು ಮಳೆಗಾಲ. ಜೂನಿನಿಂದ ನಮ್ಮಲ್ಲಿ ಗೋಡೆಗೂ ಪಾಚಿ ಹಿಡಿಯುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುವುದು ದೊಡ್ಡದಲ್ಲ. ಮುಂಗಾರಿಗೆ ಮೊದಲು ಎಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹನಿಸಿ, ಬ್ಯಾಟರಿ ತೆಗೆದು ಒಣ ಡಬ್ಬಿಯಲ್ಲಿ ಇಡಬೇಕು.

ಅಡಿಕೆ ಕೊಯ್ಲು ಮುಗಿದು ಮಳೆ ಬರುವವರೆಗೆ, ಮಾರ್ಚಿನಿಂದ ಮೇವರೆಗೆ, ಈ ಸೀಮೆಯ ಸಿಮೆಂಟಿನ ಅಂಗಳಗಳು ಬಹುಪಾಲು ಖಾಲಿ ಇರುತ್ತವೆ. ಶಾಲೆಗೆ ರಜೆಯೂ ಆಗಲೇ. ಅಂಗಳ ಇರುವವರಲ್ಲಿ ನನ್ನದೊಂದು ಕೋರಿಕೆ: ಬೀದಿಯ ಮಕ್ಕಳು ಇಂಥ ಕಾರು ಹಿಡಿದು ಬಂದರೆ ಸಂಜೆ ಒಂದು ಗಂಟೆ ಜಾಗ ಬಿಟ್ಟುಕೊಡಿ, ಪೊರಕೆಯನ್ನೂ ಕೊಡಿ. ಗುಡಿಸುವುದನ್ನು ಅವರೇ ಮಾಡಿಕೊಳ್ಳುತ್ತಾರೆ.