ಹಳೆಯ ಗಾಡಿಗೆ ಹಲ್ಲಿನ ಬೆಲ್ಟು

ಒಂದು ದೀಪ ಮಂಕಾದರೆ ಮನೆಯಲ್ಲಿ ಎಷ್ಟು ಮಾತು ಬೆಳೆಯುತ್ತದೆಂಬುದು ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡವರಿಗೆ ಗೊತ್ತು. ನಮ್ಮ ಭಾವನವರು ಬಿಟ್ಟುಹೋದ ಗಾಡಿ ಬಿಎಸ್‌ಎ ಎ-10. 646 ಸಿಸಿ, ಎರಡು ಸಿಲಿಂಡರು. ಅದನ್ನು ಮಾರಕೂಡದೆಂಬುದು ಅಕ್ಕನ ಹಟ, ಅದರ ಮೇಲೆಯೇ ಬೀದರಿಗೆ ಹೋಗಬೇಕೆಂಬುದು ಅವಳ ಮಗನ ಹಟ. ಹೈದರಾಬಾದಿನಿಂದ ಜಹೀರಾಬಾದಿನ ಮೇಲೆ ಬೀದರಿಗೆ ಸುಮಾರು 140 ಕಿಲೋಮೀಟರು. ಹೊರಡುವುದು ತಡವಾಯಿತೆಂದರೆ ಅರ್ಧ ದಾರಿ ಕತ್ತಲೆ. ಎದುರು ಬರುವ ಲಾರಿಯ ಬೆಳಕಿನ ಮುಂದೆ ನಮ್ಮ 6 ವೋಲ್ಟಿನ ದೀಪ ದೇವರಕೋಣೆಯ ನಂದಾದೀಪವೇ ಸರಿ. ಹುಡುಗ ಮನೆ ಸೇರುವವರೆಗೆ ಅಕ್ಕನಿಗೆ ನಿದ್ದೆಯಿಲ್ಲ.

ಈ ಗಾಡಿಯ ಲ್ಯೂಕಾಸ್ ಡೈನಮೊ ಕೊಡುವುದು 60 ವಾಟ್; ಎಂಜಿನ್ನಿನ ಮುಂದೆ ಕುಳಿತು ಸಣ್ಣ ಚೈನಿನಿಂದ ತಿರುಗುತ್ತದೆ. ಬರಿಯ ಬೆಳಕೇ ಬೇಕಾದವರು 6 ವೋಲ್ಟಿನ ಎಲ್‌ಇಡಿ ಬಲ್ಬು ಹಾಕಿಸಿಕೊಂಡು ಸುಮ್ಮನಾಗಬಹುದು. ಅದು ಅಗ್ಗದ ದಾರಿ, ನಾವು ಅದನ್ನು ಹಳಿಯುವುದಿಲ್ಲ. ಹುಡುಗನಿಗೆ ಹಾರ್ನು, ಬ್ರೇಕ್ ದೀಪ, ಫೋನಿಗೆ ವಿದ್ಯುತ್ತು ಎಲ್ಲವೂ ಬೇಕು. ಆದ್ದರಿಂದ ಡೈನಮೊ ಇದ್ದ ಜಾಗದಲ್ಲೇ ಕೂರುವ 12 ವೋಲ್ಟಿನ ಆಲ್ಟರ್ನೇಟರು ತರಿಸಿದ್ದಾಯಿತು. ಚೈನು ಸವೆದು ಉದ್ದವಾಗುತ್ತದೆ, ಸದ್ದು ಮಾಡುತ್ತದೆ. ಬೆಲ್ಟೇ ಲೇಸೆಂದುಕೊಂಡೆವು. ಆದರೆ ಯಾವ ಬೆಲ್ಟು?

ಹಿಟ್ಟಿನ ಗಿರಣಿಯ ವಿ-ಬೆಲ್ಟು ಬರಿಯ ಘರ್ಷಣೆಯನ್ನು ನಂಬಿದ್ದು. ಪುಟ್ಟ ಪುಲಿಯ ಮೇಲೆ ಜಾರದಿರಬೇಕಾದರೆ ಬಿಗಿಯಾಗಿ ಎಳೆದು ಕಟ್ಟಬೇಕು, ಎಳೆದು ಕಟ್ಟಿದರೆ ಬೇರಿಂಗು ಸಾಯುತ್ತದೆ. ಹಲ್ಲಿನ ಬೆಲ್ಟಿಗೆ ಅಷ್ಟು ಬಿಗಿ ಬೇಡ. 100 ವಾಟ್ ಪಡೆಯಲು ಶಾಫ್ಟಿಗೆ 170 ವಾಟ್ ಕೊಡಬೇಕೆಂದು ಹಿಡಿದರೆ, ನಿಮಿಷಕ್ಕೆ 3000 ಸುತ್ತು ತಿರುಗುವ 20 ಹಲ್ಲಿನ ಪುಲಿಯ ಮೇಲೆ ಬೀಳುವ ಎಳೆತ ಮೂರೂವರೆ ಕಿಲೋ ತೂಕದಷ್ಟು. ಮಾರುಕಟ್ಟೆಗೆ ಹೊತ್ತೊಯ್ಯುವ ಚೀಲದ ಭಾರ! ಅದಕ್ಕೆ 9.5 ಮಿಲಿಮೀಟರು ಅಗಲ ಸಾಕು. ಪುಲಿ ತೀರ ಚಿಕ್ಕದಾಗಬಾರದು, ಕಡಿಮೆಯೆಂದರೆ ಆರು ಹಲ್ಲಾದರೂ ಕಚ್ಚಿಕೊಂಡಿರಬೇಕು.

ಸಿಕಂದರಾಬಾದಿನ ರಾಣಿಗಂಜಿನಲ್ಲಿ ಪಂಪು, ಮೋಟರು, ಬೇರಿಂಗುಗಳ ನಡುವೆ ಬೆಲ್ಟಿಗೇನೂ ಬರವಿಲ್ಲ. ಅಂಗಡಿಯವನು ಎರಡು ಬೆಲ್ಟು ಮುಂದಿಟ್ಟು, “ದೋನೋ ಏಕೀಚ್ ಹೈ ಸಾಬ್” ಎಂದ. ಒಂದು ಎಕ್ಸ್‌ಎಲ್: ಹಲ್ಲಿನಿಂದ ಹಲ್ಲಿಗೆ 5.08 ಮಿಲಿಮೀಟರು, ಅಂದರೆ ಅಂಗುಲದ ಐದನೆಯ ಒಂದು ಪಾಲು. ಹಲ್ಲಿನ ತುದಿ ಚಪ್ಪಟೆ. ಇನ್ನೊಂದು 5ಎಂ: ಸರಿಯಾಗಿ 5 ಮಿಲಿಮೀಟರು, ಹಲ್ಲು ದುಂಡು. ಕಣ್ಣಿಗೆ ಅಣ್ಣತಮ್ಮಂದಿರೇ. ಹುಡುಗ ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಹಿಡಿದು, “ಮಾಮಾ, ಹತ್ತು ಹಲ್ಲು ಎಣಿಸೂದ್ರಾಗ ಮುಕ್ಕಾಲು ಮಿಲಿಮೀಟರ್ ಮ್ಯಾಲ ಫರಕ್ ಬಂತು ನೋಡ್ರಿ” ಎಂದ. ನಮ್ಮ ಪುಲಿ ಎಕ್ಸ್‌ಎಲ್ ಜಾತಿಯದು. ಅದನ್ನೇ ಎರಡು ಕೊಂಡೆವು. ರಾಣಿಗಂಜಿನಲ್ಲಿ ಸುಲಭವಾಗಿ ಸಿಗುವ ಉದ್ದವನ್ನೇ ಆರಿಸಬೇಕೆಂಬುದು ನಮ್ಮ ಪಕ್ಷ. ಇಂಗ್ಲೆಂಡಿನಿಂದ ತರಿಸುವ ಬೆಲ್ಟು ಎಷ್ಟು ಚೆಲುವಾಗಿದ್ದರೇನು, ಕಿತ್ತುಹೋದ ದಿನ ಅದು ಇಂಗ್ಲೆಂಡಿನಲ್ಲೇ ಇರುತ್ತದೆ.

ಚೈನಿಗೆ ಗ್ರೀಸು ಬೇಕು, ಬೆಲ್ಟಿಗೆ ಅದೇ ಶತ್ರು. ಹಳೆಯ ಗ್ರೀಸನ್ನೆಲ್ಲ ಕೆರೆದು ತೊಳೆದು, ಎಣ್ಣೆ ಜಿನುಗುವ ಕಡೆ ಹೊಸ ಸೀಲು ಹಾಕಿಸಿದೆವು. ಬಿಗಿ ಕೂಡಿಸುವುದು ಸುಲಭ: ಡೈನಮೊದಂತೆಯೇ ಇದರ ಶಾಫ್ಟೂ ನಡುಮಧ್ಯದಲ್ಲಿಲ್ಲ, ಪಟ್ಟಿಯನ್ನು ಸಡಿಲಿಸಿ ಇಡೀ ಕೊಳವೆಯನ್ನು ತುಸು ಹೊರಳಿಸಿದರಾಯಿತು.

ಮೆಕ್ಯಾನಿಕ್ಕು ಮ್ಯಾಗ್ನೆಟೊ ಕಿತ್ತು ಬ್ಯಾಟರಿಯ ಕಾಯಿಲು ಹಾಕೋಣವೆಂದ. ಇದೊಂದಕ್ಕೆ ನಾವು ಒಪ್ಪಲಿಲ್ಲ. ಮ್ಯಾಗ್ನೆಟೊಗೆ ಕಿಡಿ ಕೊಡಲು ಬ್ಯಾಟರಿ ಬೇಡ. ಜಹೀರಾಬಾದಿನ ಆಚೆ ಬೆಲ್ಟು ಕಿತ್ತರೂ ಎಂಜಿನ್ನು ನಿಲ್ಲುವುದಿಲ್ಲ, ಬ್ಯಾಟರಿಯಲ್ಲಿ ಉಳಿದಷ್ಟು ಬೆಳಕಿನಲ್ಲಿ ಹುಡುಗ ಒಂದು ಊರಾದರೂ ಸೇರುತ್ತಾನೆ. ಈ ಮಾತನ್ನು ಅಕ್ಕನಿಗೆ ಎರಡು ಸಲ ಬಿಡಿಸಿ ಹೇಳಿದ ಮೇಲೆಯೇ ಅವಳು ಬೀಗದಕೈ ಕೊಟ್ಟದ್ದು. 500 ಕಿಲೋಮೀಟರು ಓಡಿದ ಮೇಲೆ ಕವರು ಬಿಚ್ಚಿ, ಬೆಲ್ಟಿಗೆ ಎಣ್ಣೆ ತಾಕಿದೆಯೇ ಎಂದು ನೋಡುವುದೆಂದು ಮಾತಾಗಿದೆ.